ಬೋಪಯ್ಯನ ಹೆಬ್ಬೆರಳು

ಬೋಪಯ್ಯ ಯುದ್ಧದಲ್ಲಿ ಫೈಟರ್ ವಿಮಾನ ಹಾರಿಸಿದವನು. ಯುದ್ಧ ಮುಗಿದ ಮೇಲೆ ವಿಮಾನಗಳ ರೇಸಿಗೆ ಇಳಿದ. ಅವನಷ್ಟು ಗುಂಡಿಗೆ ಇರುವವನು ಇನ್ನೊಬ್ಬನಿಲ್ಲ ಎಂದು ಎಲ್ಲರೂ ಹೊಗಳುತ್ತಿದ್ದರು. ಆದರೂ ಪ್ರತಿ ರೇಸಿನಲ್ಲೂ ಎರಡನೆಯವನೇ.

ಒಂದು ಬೆಳಿಗ್ಗೆ ಅವನು ನದಿ ದಂಡೆಯ ಆಶ್ರಮಕ್ಕೆ ಬಂದು ಗುರುಗಳ ಮುಂದೆ ಬಲಗೈ ಚಾಚಿದ.

“ಈ ಹೆಬ್ಬೆರಳು ನನ್ನ ಮಾತು ಕೇಳಲ್ಲ ಗುರುಗಳೇ.”

“ಏನು ಮಾಡುತ್ತೆ?”

“ಮುಂದಿನ ವಿಮಾನದ ಬಾಲ ಹತ್ತಿರ ಬಂದ್ರೆ ಸಾಕು, ನಡೆಸೋ ಹಿಡಿಕೆ ಮೇಲೆ ಒತ್ತುತ್ತೆ. ಯುದ್ಧದಲ್ಲಿ ಅಲ್ಲಿ ಗನ್ನಿನ ಬಟನ್ ಇತ್ತು. ಈಗ ಏನೂ ಇಲ್ಲ. ಆದ್ರೂ ಒತ್ತುತ್ತೆ. ನನ್ನ ಮೇಲೆ ನನಗೇ ಹೇಸಿಗೆಯಾಗಿ ಹಿಂದೆ ಸರಿದುಬಿಡ್ತೀನಿ. ಮುಂದಿನ ರೇಸಲ್ಲೂ ಹೀಗಾದ್ರೆ ನಾನಿನ್ನು ವಿಮಾನ ಹತ್ತಲ್ಲ.”

“ಮುಂದಿರೋನು ಯಾರು?”

“ಯಾರೋ. ವಿಮಾನದ ನಂಬರ್ ಮಾತ್ರ ಗೊತ್ತು.”

ಗುರುಗಳು ನಕ್ಕು ಅವನ ಕೈಗೆ ಒಂದು ಚೊಂಬು ಕೊಟ್ಟರು. “ಹೋಗಪ್ಪ, ಹಾಲು ಹಿಂಡ್ಕೊಂಡು ಬಾ.”

ಬೋಪಯ್ಯ ಕೊಟ್ಟಿಗೆಯಲ್ಲಿದ್ದ ಹಸುವಿನ ಹಿಂದಿನಿಂದ ಹೋಗಿ ಕೆಚ್ಚಲಿಗೆ ಕೈ ಹಾಕಿದ. ಹಸು ಝಾಡಿಸಿ ಒದೆಯಿತು. ಚೊಂಬು ಒಂದು ಕಡೆ, ಶೂರ ಒಂದು ಕಡೆ.

“ಹೆಸರು ಹಿಡಿದು ಮಾತಾಡಿಸಿದೆಯಾ?” ಗುರುಗಳು ಕೇಳಿದರು.

“ಹಸೂನಾ?”

“ಚೆಲುವಿ ಅಂತ ಅವಳ ಹೆಸರು. ಮೊದಲು ಮಾತಾಡಿಸು, ಆಮೇಲೆ ಕೈ ಇಡು.”

“ಚೆಲುವಿ, ನಾನು ಕಣೇ,” ಎಂದ ಬೋಪಯ್ಯ, ನಾಚಿಕೊಂಡು.

ಹಸು ಕಿವಿ ಆಡಿಸಿತು. ಅವನ ಹೆಬ್ಬೆರಳು ಮೆತ್ತಗಾಯಿತು. ಹಾಲು ಇಳಿಯಿತು.

ಪಕ್ಕದಲ್ಲಿ ಅವಳ ಎಳೆಗರುವನ್ನು ಕಟ್ಟಿದ್ದರು. “ಇದರ ಹೆಸರು?” ಎಂದು ಕೇಳಿದ.

“ಇನ್ನೂ ಇಟ್ಟಿಲ್ಲ,” ಎಂದರು ಗುರುಗಳು.

ರೇಸ್ ಮುಗಿದ ಮೇಲೆ ಬೋಪಯ್ಯ ಮತ್ತೆ ಬಂದ.

“ಏನಾಯ್ತಪ್ಪ?”

“ರೇಸಿನ ಹಿಂದಿನ ದಿನವೇ ಹೋಗಿ, ಯಾವಾಗಲೂ ನನ್ನ ಮುಂದಿರೋನನ್ನ ಮಾತಾಡಿಸಿದೆ. ರುಸ್ತುಂ ಅಂತ ಅವನ ಹೆಸರು. ಅವನ ಹೆಂಡತಿ ಚಹಾ ಮಾಡಿಕೊಟ್ರು. ರೇಸಲ್ಲಿ ಅವನ ಬಾಲ ಹತ್ತಿರ ಬಂದಾಗ, ‘ರುಸ್ತುಂ, ನಾನು ಕಣೋ’ ಅಂದೆ. ಬೆರಳು ಅಲುಗಲಿಲ್ಲ. ಅವನ ಪಕ್ಕದಲ್ಲೇ ದಾಟಿ ಹೋದೆ. ಗೆದ್ದೆ.”

“ಮತ್ತೆ ಕಣ್ಣಲ್ಲಿ ನೀರ್ಯಾಕೆ?”

ಬೋಪಯ್ಯ ಹೆಬ್ಬೆರಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡ.

“ಯುದ್ಧದಲ್ಲಿ ಹೊಡೆದು ಉರುಳಿಸಿದ್ನಲ್ಲ, ಅವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ ಗುರುಗಳೇ.”

ಅಷ್ಟು ಹೇಳಿ ಬಿಕ್ಕಿ ಬಿಕ್ಕಿ ಅತ್ತ. ಅಳು ನಿಲ್ಲುವವರೆಗೂ ಗುರುಗಳು ಪಕ್ಕದಲ್ಲಿ ಕೂತಿದ್ದರು. ಆಮೇಲೆ ಎದ್ದು, ಗೂಟದಿಂದ ಕರುವಿನ ಹಗ್ಗ ಬಿಚ್ಚಿ ಅವನ ಕೈಗೆ ಕೊಟ್ಟರು.

“ಇದಕ್ಕೆ ನೀನೇ ಒಂದು ಹೆಸರಿಡಪ್ಪ. ಆಮೇಲೆ ತಾಯಿ ಹತ್ರ ಬಿಡು.”