ಉಪ್ಪುಗಾಳಿಯಲ್ಲಿ ಕೇಬಲ್ ಟ್ರೇ

"ಗುರವ್ವಾ, ತನ್ನವರ ಕೆಲಸದ ಬಗ್ಗೆ ಹೆಮ್ಮೆ ಪಡುವುದು ತಪ್ಪೇ?" ಎಂದು ಶಿಷ್ಯೆ ಕೇಳಿದಳು.

ಗುರವ್ವ ಬಾಗಿಲತ್ತ ನೋಡಿ ದನಿ ತಗ್ಗಿಸಿದಳು. "ಹತ್ತಿರ ಬಾ. ಇದು ನಿನ್ನ ಕಿವಿಯಲ್ಲೇ ಇರಬೇಕು. ಇನ್ನೊಬ್ಬರ ಬಾಯಿಗೆ ಬಿತ್ತೋ, ನಿನಗೂ ನನಗೂ ಮಾತಿಲ್ಲ. ಹೆಸರಂತೂ ಹೇಳಲಾರೆ." ಹೀಗೆಂದು ಕತೆ ತೆಗೆದಳು.

ಒಬ್ಬ ಮೇಸ್ತ್ರಿ ಇದ್ದ. ಕರೆಂಟಿನ ದಪ್ಪ ಕೇಬಲ್‌ಗಳನ್ನು ಛಾವಣಿಯಡಿ ಸಾಗಿಸುವ ಟ್ರೇಗಳನ್ನು ತೂಗುಹಾಕುವುದು ಅವನ ಕಸುಬು. ನೂಲಿನ ಗಿರಣಿಯಲ್ಲಿ ಅವನು ಕಬ್ಬಿಣದ ಟ್ರೇ ಹಾಕಿದ, ಏಣಿಯಂಥದ್ದು. ಹತ್ತಿಯ ಧೂಳು ಮೆಟ್ಟಿಲ ಸಂದಿಯಿಂದ ಉದುರಿಹೋಗುತ್ತಿತ್ತು, ಕೇಬಲ್ ತಣ್ಣಗಿರುತ್ತಿತ್ತು. ಗಿರಣಿಯ ಯಜಮಾನ ಶಾಲು ಹೊದಿಸಿದ. ಶಾಲು ಅವನ ಹೆಗಲಿಗೆ, ಬಿಸಿ ಏರಿದ್ದು ಹೆಂಡತಿಯ ತಲೆಗೆ! ನಲ್ಲಿಕಟ್ಟೆಯಲ್ಲಿ, ಅಂಗಡಿಯಲ್ಲಿ, ಸತ್ತವರ ಮನೆಯಲ್ಲಿಯೂ ಅವಳದು ಅದೇ ಮಾತು: "ನಮ್ಮನೆಯವರು ಕಟ್ಟಿದ ಟ್ರೇ ನೂಲು ಹಿಡಿದಂತೆ ನೇರ ಇರುತ್ತದೆ."

ಮುಂದೆ ಮೇಸ್ತ್ರಿಗೆ ಕಡಲ ದಂಡೆಯ ಮೀನಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಗಂಡ ಹೆಂಡತಿ ಅಲ್ಲಿಗೇ ಬಂದು ಮನೆ ಮಾಡಿದರು. ಪಕ್ಕದ ಮನೆಯವಳು ಅದೇ ಕಾರ್ಖಾನೆಯಲ್ಲಿ ಮೀನು ಹೆಚ್ಚುವವಳು. "ಇಲ್ಲಿ ಉಪ್ಪುಗಾಳಿಗೆ ಬಾಗಿಲ ಚಿಲಕವೇ ಎರಡು ಮಳೆಗಾಲ ಬಾಳುವುದಿಲ್ಲ, ತಂಗಿ. ನಿಮ್ಮ ಯಜಮಾನರ ಕಿವಿಗೆ ಹಾಕು" ಎಂದಳು.

ಹೆಂಡತಿ ಮೂಗು ಮುರಿದಳು. "ಮೀನು ಹೆಚ್ಚುವವರು ಮೇಸ್ತ್ರಿಗೆ ಪಾಠ ಹೇಳುವ ಕಾಲ ಬಂತು!" ಗಂಡನಿಗೆ ಹೇಳಲೇ ಇಲ್ಲ. ಅವನೂ ಯಾರನ್ನೂ ಕೇಳಲಿಲ್ಲ. ಗಿರಣಿಯಲ್ಲಿ ಹಾಕಿದ ಟ್ರೇಯನ್ನೇ ತರಿಸಿದ, ಅಳತೆಗೆ ಕೊಯ್ದ, ಕೊಯ್ದ ಅಂಚಿಗೆ ತುಕ್ಕು ತಡೆಯುವ ಸತುವಿನ ಬಣ್ಣ ಕೂಡ ಬಳಿಯದೆ ಏರಿಸಿದ.

ಎರಡನೆಯ ಮಳೆಗಾಲದಲ್ಲಿ ಪಕ್ಕದವಳು ನಲ್ಲಿಕಟ್ಟೆಗೆ ಬಂದು ಸೆರಗು ಬಿಡಿಸಿ ತೋರಿಸಿದಳು. ತುಂಬ ತುಕ್ಕಿನ ಕೆಂಪು ಹನಿ. ಹನ್ನೆರಡು ಹೆಂಗಸರು ಆ ಟ್ರೇಯ ಕೆಳಗೇ ಕೂತು ಮೀನು ಹೆಚ್ಚುತ್ತಿದ್ದರು. ನೂಲು ಹಿಡಿದಂತೆ ಇರುವ ಟ್ರೇ! ಅಯ್ಯೋ, ಅಂದು ನಲ್ಲಿಕಟ್ಟೆಯಲ್ಲಿ ಬಿದ್ದ ನಗು ಕೊಡಗಳಲ್ಲಿ ಹಿಡಿಯುವಷ್ಟಲ್ಲ.

ಹೆಂಡತಿ ಜಗಳ ತೆಗೆಯಲಿಲ್ಲ. ಕೊಡ ಅಲ್ಲೇ ಬಿಟ್ಟು ಕಾರ್ಖಾನೆಗೆ ಹೋಗಿ ತಲೆಯೆತ್ತಿ ನೋಡಿದಳು. ಟ್ರೇ ಹೊತ್ತ ಬೋಲ್ಟುಗಳು ಹಪ್ಪಳದಂತೆ ಪದರ ಬಿಟ್ಟಿದ್ದವು. ಹೆಂಗಸರನ್ನು ಎಬ್ಬಿಸಿದಳು, ಕರೆಂಟು ತೆಗೆಸಿದಳು, ಗಂಡನನ್ನು ಕರೆಸಿದಳು. ಎಲ್ಲರೆದುರೇ ಅಂದಳು: "ಪಕ್ಕದ ಮನೆಯ ಅಕ್ಕ ಮೊದಲೇ ಎಚ್ಚರಿಸಿದ್ದರು. ಹೇಳದೆ ನುಂಗಿಕೊಂಡವಳು ನಾನು. ಇಳಿಸಿ."

ಮೇಸ್ತ್ರಿ ಇಳಿಸಿದ. ಉಪ್ಪಿಗೆ ಜಗ್ಗದ ಫೈಬರ್ ಟ್ರೇ ತಂದ. ಅದು ಬಾಗದ ಹಾಗೆ ಆಸರೆಗಳನ್ನು ಹತ್ತಿರ ಹತ್ತಿರ ಕೊಟ್ಟ. ತುಕ್ಕು ಹಿಡಿಯದ ಸ್ಟೀಲಿನ ಬೋಲ್ಟು ಬಿಗಿದ.

ನಾಲ್ಕು ಮಳೆಗಾಲ ಕಳೆದವು. ಒಂದು ಕೆಂಪು ಹನಿಯೂ ಬೀಳಲಿಲ್ಲ. ಹೆಂಡತಿ ಮಾತ್ರ ನಲ್ಲಿಕಟ್ಟೆಯಲ್ಲಿ ಗಂಡನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಒಂದು ದಿನ ಪಕ್ಕದವಳು ಅವಳ ದಾರಿಗೆ ಅಡ್ಡ ನಿಂತಳು.

ಗುರವ್ವ ಅಲ್ಲಿಗೆ ಕತೆ ತಡೆದು ಮತ್ತೊಮ್ಮೆ ಬಾಗಿಲತ್ತ ನೋಡಿದಳು.

"ಮತ್ತೆ ಹಂಗಿಸಿದಳೇ?" ಎಂದು ಶಿಷ್ಯೆ ಕೇಳಿದಳು.

"ಇಲ್ಲ. ಮುಖ ನೋಡಿಯೇ ಅಂದಳು: 'ಈಗ ಜಂಬ ಕೊಚ್ಚು ತಂಗಿ, ನಾನು ಆ ಟ್ರೇಯ ಕೆಳಗೇ ಕೂತು ಕೇಳುತ್ತೇನೆ.'"