ಕೆಂಪಾಗದ ಕವಳ

ಬಹಳ ಹಿಂದೆ, ಊರಿಂದೂರಿಗೆ ದೋಣಿಯೊಂದೇ ದಾರಿಯಾಗಿದ್ದ ಕಾಲದಲ್ಲಿ, ಹೊಳೆ ಕಡಲಿಗೆ ಸೇರುವ ಬಾಯಲ್ಲಿ ಅಳಿವೆಕೇರಿ ಅಂತ ಒಂದು ಊರಿತ್ತು. ಊರು ಈಗಲೂ ಇದೆ, ನಾವು ಕೂತಿರುವುದು ಅದರಲ್ಲೇ. ಆ ಊರಲ್ಲಿ ಗೊಯ್ದ ಅಂತ ಒಬ್ಬನಿದ್ದ. ಮುಳುಗು ಗೊಯ್ದ ಅಂತಲೇ ಅವನನ್ನು ಕರೆಯುತ್ತಿದ್ದರಂತೆ. ಕಂಡವರು ಹೇಳಿದ್ದನ್ನು ಕೇಳಿದವರು ಹೇಳಿದರು, ಅವರು ಹೇಳಿದ್ದನ್ನು ನನ್ನ ಅಜ್ಜಿ ಹೇಳಿದಳು. ನಡುವೆ ಎಲ್ಲಾದರೂ ಉಪ್ಪು ಖಾರ ಸೇರಿದ್ದರೆ ಅದು ಅಜ್ಜಿಯ ಕೈ, ನನ್ನದಲ್ಲ.

ಹೊಸದಾಗಿ ಬಂದ ಸೊಸೆ ಆಗಲೇ ಕೇಳಿದಳಲ್ಲ, ಎಳ್ಳಮಾಸೆ ದಿನ ಈ ಮನೆಯಲ್ಲಿ ಎಲೆ ಇದೆ, ಅಡಿಕೆ ಇದೆ, ಸುಣ್ಣ ಮಾತ್ರ ಯಾಕಿಲ್ಲ ಅಂತ. ಸುಣ್ಣಕ್ಕೂ ಬರಗಾಲ ಬಂದ ಮನೆ ಅಂದುಕೊಂಡಳೋ ಏನೋ. ಕೇಳು ತಂಗಿ. ನಿನಗಾಗಿಯೇ ಹೇಳುತ್ತಿದ್ದೇನೆ. ಉಳಿದವರಿಗೆ ಬಾಯಿಪಾಠ ಇದೆ, ಆದರೂ ಒಬ್ಬರೂ ಎದ್ದು ಹೋಗುವುದಿಲ್ಲ ನೋಡು.

ನಮ್ಮ ದಂಡೆಯಿಂದ ನೋಡಿದರೆ ಕವುಚಿಟ್ಟ ಹಂಡೆಯ ಹಾಗೆ ಒಂದು ಗುಡ್ಡ ಕಡಲ ನಡುವೆ ಕಾಣುತ್ತದೆ. ಅದೇ ಹಂಡೆಗುಡ್ಡೆ. ಅದರ ಬುಡದಲ್ಲಿ, ನೀರಿನ ಅಡಿಯಲ್ಲಿ, ಹೂಗಲ್ಲಿನ ತೋಟವಿದೆ. ಪೇಟೆಯವರು ಅದಕ್ಕೆ ಹವಳದ ಕಲ್ಲು ಅನ್ನುತ್ತಾರೆ. ಕೋಸುಗಡ್ಡೆಯಂಥದ್ದು, ಜಿಂಕೆಯ ಕೊಂಬಿನಂಥದ್ದು, ಅಣಬೆಯಂಥದ್ದು, ಎಷ್ಟು ಬಗೆ ಅಂತ ಎಣಿಸಿದವರಿಲ್ಲ. ಗೊಯ್ದ ಅಲ್ಲಿಗೆ ಮುಳುಗುತ್ತಿದ್ದ.

ಅವನು ಎಷ್ಟು ಹೊತ್ತು ಮುಳುಗುತ್ತಿದ್ದ ಅಂದರೆ, ಒಂದು ಕವಳದ ಹೊತ್ತು. ಗಳಿಗೆ ಬಟ್ಟಲು ಯಾರ ಬಳಿ ಇತ್ತು? ಗೊಯ್ದನ ಹೆಂಡತಿ ಬೀರಮ್ಮ ದೋಣಿಯಲ್ಲಿ ಕೂತು, ಅವನು ನೀರಿಗೆ ಬಿದ್ದ ಕೂಡಲೇ ಎಲೆ ಅಡಿಕೆ ಸುಣ್ಣ ಸೇರಿಸಿ ಕವಳ ಬಾಯಿಗಿಡುತ್ತಿದ್ದಳು. ಅವನ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ಅವಳ ಕೈಯಲ್ಲಿ. ಅವನು ಕೆಳಗಿಂದ ಜಗ್ಗಿದರೆ ಎಳೆಯಬೇಕು. ಜಗ್ಗದಿದ್ದರೆ ಜಗಿಯುತ್ತಾ ಜಗಿಯುತ್ತಾ ಅಂಗೈಗೆ ಉಗುಳಿ ನೋಡಬೇಕು. ಉಗುಳು ಚೆನ್ನಾಗಿ ಕೆಂಪೇರಿತೋ, ಅವನ ಉಸಿರು ಮುಗಿಯಿತು ಅಂತ ಲೆಕ್ಕ, ಅವನು ಜಗ್ಗಲಿ ಬಿಡಲಿ, ಎಳೆದುಬಿಡಬೇಕು.

ಯಾಕೆಂದರೆ ಗೊಯ್ದನಿಗೆ ಮೈಮರೆವು ಜಾಸ್ತಿ. ಕೆಳಗೆ ಏನಾದರೂ ಕಂಡರೆ ಉಸಿರಾಡಬೇಕು ಅನ್ನುವುದೇ ಮರೆತುಹೋಗುತ್ತಿತ್ತಂತೆ. ಬೀರಮ್ಮ ಎಷ್ಟೋ ಸಲ ಅವನನ್ನು ಅರ್ಧ ಜೀವದಲ್ಲಿ ಮೇಲೆಳೆದಿದ್ದಾಳೆ. ಮೇಲೆ ಬಂದವನು ಕೆಮ್ಮಿ, ನೀರು ಕಾರಿ, ಮೊದಲು ಮಾಡುತ್ತಿದ್ದ ಕೆಲಸ ಅವಳನ್ನು ಬೈಯುವುದು. ಇನ್ನೊಂದು ಚೂರು ಬಿಟ್ಟಿದ್ದರೆ ಪೂರಾ ನೋಡುತ್ತಿದ್ದೆ ಅಂತ! ಹೆಂಗಸು ದೋಣಿ ಹತ್ತಿದರೆ ಮೀನು ಓಡುತ್ತದೆ ಅಂತ ಊರವರು ಆಡಿಕೊಳ್ಳುತ್ತಿದ್ದರಂತೆ. ಮೀನು ಓಡಿದ್ದು ಹೌದು. ಆದರೆ ಅವಳಿಂದಲ್ಲ.

ಆಗಿನವರೆಗೆ ನಮ್ಮೂರ ಸುಣ್ಣ ಅಂದರೆ ದಂಡೆಗೆ ಬಿದ್ದ ಸತ್ತ ಚಿಪ್ಪಿನ ಸುಣ್ಣ. ಚಿಪ್ಪು ಸುಡುವ ಭಟ್ಟಿ ಬೀರಮ್ಮನದೇ. ಒಂದು ವರ್ಷ ಗೊಯ್ದ ಹೂಗಲ್ಲಿನ ಒಂದು ಗಡ್ಡೆ ಒಡೆದು ತಂದು ಭಟ್ಟಿಗೆ ಹಾಕಿದನಂತೆ. ಸುಣ್ಣ ಬಂತು ನೋಡು, ಹಾಲಿನ ಹಾಗೆ. ಊರೇ ಬೆರಗಾಯಿತು. ಅಲ್ಲಿಂದ ಮೂರು ವರ್ಷ ಅವನು ಹಾರೆ ಹಿಡಿದೇ ಮುಳುಗಿದ. ಒಡೆಯುವುದು ಹೇಗೆ ಅಂತ ಬೇರೆಯವರಿಗೂ ಕಲಿಸಿದ. ತಪ್ಪು ಮಾಡಿದವನು ಅವನೇ, ಅದನ್ನು ಮುಚ್ಚಿಟ್ಟು ನಾನು ಕಥೆ ಹೇಳುವುದಿಲ್ಲ.

ಮೂರನೆಯ ವರ್ಷ ಹಂಡೆಗುಡ್ಡೆಯ ಸುತ್ತ ಬಲೆ ಬೀಸಿದರೆ ಬರೀ ನೀರು. ಮುರು ಮೀನು ಇಲ್ಲ, ಏಡಿ ಇಲ್ಲ, ಶೆಟ್ಲಿ ಅನ್ನುವ ಸಿಗಡಿಯೂ ಇಲ್ಲ. ಒಲೆಯ ಮೇಲೆ ಗಂಜಿ ಇತ್ತು, ಗಂಜಿಗೆ ನಂಜಿಕೊಳ್ಳಲು ಏನೂ ಇರಲಿಲ್ಲ. ಅದೇ ವರ್ಷ ಊರ ಯಜಮಾನ, ಗುರಿಕಾರ ಮಾಸ್ತಪ್ಪ ಒಂದು ಮಾತು ಎತ್ತಿದ. ಮೀನು ಹೋಗಿದ್ದು ಊರ ದೇವರು ಜಟ್ಟಿಗ ಮುನಿದದ್ದಕ್ಕೆ, ಅವನ ಮಣ್ಣಿನ ಗುಡಿಗೆ ಹೂಗಲ್ಲಿನ ಸುಣ್ಣದಿಂದಲೇ ಗಾರೆ ಮಾಡಿಸೋಣ, ಒಳಗೂ ಹೊರಗೂ ಬೆಳ್ಳಗೆ ಹೊಳೆಯಲಿ, ದೇವರು ಒಲಿಯುತ್ತಾನೆ ಅಂತ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಮಾಸ್ತಪ್ಪ ಕೆಟ್ಟವನಲ್ಲ, ಊರ ಮೇಲೆ ಪ್ರೀತಿ ಇದ್ದವನೇ. ಎಳ್ಳಮಾಸೆಯ ಮಾರನೆಯ ದಿನ ಇಪ್ಪತ್ತು ದೋಣಿ ಹೋಗಿ ತೋಟವನ್ನೆಲ್ಲ ಒಡೆದು ತರುವುದು ಅಂತ ತೀರ್ಮಾನವಾಯಿತು.

ಆ ದಿನಗಳಲ್ಲೇ ಒಂದು ಮುಂಜಾನೆ ಬೀರಮ್ಮ ಭಟ್ಟಿಯ ಮುಂದೆ ಕೂತವಳು ಗಂಡನನ್ನು ಕೇಳಿದಳಂತೆ, "ಹೋಯ್, ಕಲ್ಲು ಸುಟ್ರೆ ಮೀನು ಸುಟ್ಟ ನಾತ ಎಂತಕ್ಕೆ ಬರ್ತದೆ?"

ಗೊಯ್ದ ನಕ್ಕನಂತೆ. ಕಡಲಲ್ಲಿ ಇದ್ದದ್ದು ಕಡಲ ನಾತ ಬರದೆ ಸಂಪಿಗೆ ಪರಿಮಳ ಬರುತ್ತದಾ ಅಂದನಂತೆ. ನಕ್ಕ, ಆದರೆ ಆ ಮಾತು ಗಂಟಲಲ್ಲಿ ಸಿಕ್ಕ ಮುಳ್ಳಿನ ಹಾಗೆ ಅವನಲ್ಲಿ ಉಳಿಯಿತು. ಮಾರನೆಯ ದಿನ ಅವನು ಹಾರೆ ಇಲ್ಲದೆ ಮುಳುಗಿದ. ಅದರ ಮಾರನೆಯ ದಿನವೂ. ಹೀಗೆ ಹದಿನೈದು ದಿನ ಬರಿಗೈಯಲ್ಲಿ ಹೋಗಿ, ಹಾರೆ ತಾಗದ ಮೂಲೆಗಳಲ್ಲಿ ಅಳಿದುಳಿದದ್ದನ್ನು ಬರೀ ನೋಡಿ ಬಂದ.

ಏನೇನು ನೋಡಿದ ಅಂತ ಕೇಳು. ಗಿಳಿಯ ಕೊಕ್ಕಿನ ಹಸಿರು ಮೀನು ಕಲ್ಲನ್ನು ಕರಕರ ಕಡಿದು ತಿನ್ನುವುದು ನೋಡಿದ. ಅದು ಹಿಂದಿನಿಂದ ಬಿಟ್ಟದ್ದೆಲ್ಲ ಬಿಳಿ ಮರಳು. ಬಾಯಿ ತೆರೆದು ನಿಂತ ದೊಡ್ಡ ಮುರು ಮೀನಿನ ಹಲ್ಲುಗಳ ನಡುವೆ ಕಿರುಬೆರಳಿನಷ್ಟು ಮೀನು ಹೊಕ್ಕು ಕೊಳೆ ಹೆಕ್ಕುವುದು ನೋಡಿದ. ದೊಡ್ಡದು ಬಾಯಿ ಮುಚ್ಚಲಿಲ್ಲವಂತೆ, ಕ್ಷೌರಕ್ಕೆ ಕೂತ ಯಜಮಾನನ ಹಾಗೆ ಸುಮ್ಮನಿತ್ತಂತೆ. ಮುಟ್ಟಿದರೆ ಉರಿಯುವ ಹೂವಿನಂಥ ಪ್ರಾಣಿಯ ಮಡಿಲಲ್ಲಿ ಕಿತ್ತಳೆ ಬಣ್ಣದ ಮೀನು ಸಂಸಾರ ಮಾಡಿಕೊಂಡಿರುವುದು ನೋಡಿದ. ಕಲ್ಲಿನ ಮೇಲೆ ಕಲ್ಲೇ ಆಗಿ ಕೂತು, ಮರಳಿನ ಮೇಲೆ ಮರಳೇ ಆಗುವ ಎಂಟು ಕೈಯ ಬೊಂಡಾಸ ನೋಡಿದ.

ಎಲ್ಲಕ್ಕಿಂತ ಹೆಚ್ಚಾಗಿ ಅವನು ಹೇಳುತ್ತಿದ್ದದ್ದು ಒಂದು ಶೆಟ್ಲಿಯ ವಿಷಯವಂತೆ. ಅದಕ್ಕೆ ಕಣ್ಣು ಅಷ್ಟಕ್ಕಷ್ಟೆ, ಆದರೆ ಬಿಲ ತೋಡುವುದರಲ್ಲಿ ಗಟ್ಟಿ. ಬಿಲದ ಬಾಯಲ್ಲಿ ಒಂದು ಪುಟ್ಟ ಮೀನು ಕಾವಲು. ಶೆಟ್ಲಿ ಮಣ್ಣು ಹೊತ್ತು ಹೊರಗೆ ಬಂದಾಗೆಲ್ಲ ತನ್ನ ಮೀಸೆಯನ್ನು ಮೀನಿನ ಬಾಲಕ್ಕೆ ತಾಗಿಸಿಕೊಂಡೇ ಇರುತ್ತದೆ. ಅಪಾಯ ಬಂದರೆ ಮೀನು ಬಾಲ ಅಲುಗಿಸುತ್ತದೆ, ಇಬ್ಬರೂ ಒಳಗೆ. "ನಿನ್ನ ಕೈಯ ಹಗ್ಗ, ಅದರ ಮೀಸೆ, ಎರಡೂ ಒಂದೇ ಕಣೆ" ಅಂದನಂತೆ ಬೀರಮ್ಮನಿಗೆ. ಹೆಂಡತಿಗೆ ಜನ್ಮದಲ್ಲಿ ಅವನು ಆಡಿದ ಒಂದೇ ಒಂದು ಒಳ್ಳೆಯ ಮಾತು ಅದು ಅಂತ ನನ್ನ ಅಜ್ಜಿ ಹೇಳುತ್ತಿದ್ದಳು.

ಕೊನೆಗೆ ಒಂದು ದಿನ, ಗುಡ್ಡೆಯ ಬುಡದ ಮಬ್ಬುಗತ್ತಲೆ ಗವಿಯೊಳಗೆ, ಅವನು ಹೂಗಲ್ಲಿನ ಹತ್ತಿರ ಮುಖ ಒಯ್ದ. ಬೆಳಕಲ್ಲಿ ಬರಿದಾಗಿ ಕಾಣುವ ಕಲ್ಲು ಆ ಕತ್ತಲಲ್ಲಿ ಮೈತುಂಬ ಪುಟ್ಟ ಪುಟ್ಟ ಕೈ ಚಾಚಿತ್ತು. ಸಾಸಿವೆ ಕಾಳಿನಷ್ಟು ಬಾಯಿಗಳು, ಪ್ರತಿ ಬಾಯಿಗೂ ಸುತ್ತ ಕೈಗಳು, ನೀರಲ್ಲಿ ತೇಲಿ ಬಂದದ್ದನ್ನು ಹಿಡಿದು ಉಣ್ಣುತ್ತಿದ್ದವು. ಆ ದಿನ ಮೇಲೆ ಬಂದವನು ಹೆಂಡತಿಯನ್ನು ಬೈಯಲಿಲ್ಲವಂತೆ. ದೋಣಿಯ ತಳದಲ್ಲಿ ಮಲಗಿ ಅತ್ತನಂತೆ. ಮೂರು ವರ್ಷ ಏನನ್ನು ಸುಟ್ಟೆವು ಅಂತ ಅವನು ಹೇಳಿದಾಗ ಬೀರಮ್ಮ ಹುಟ್ಟು ಹಿಡಿದು ದೋಣಿಯನ್ನು ದಂಡೆಯ ಕಡೆ ತಿರುಗಿಸಿದಳಂತೆ.

ಗೊಯ್ದ ಗುರಿಕಾರನ ಬಳಿ ಹೋಗಿ ಹೇಳಿದ. ಮಾಸ್ತಪ್ಪ ನಂಬಲಿಲ್ಲ. ಕಲ್ಲಿಗೆ ಬಾಯಿ ಇದ್ದರೆ ನನ್ನ ಮನೆಯ ಒರಳಿಗೂ ಇದೆ ಅಂದನಂತೆ. ದೇವರ ಕೆಲಸಕ್ಕೆ ಕಲ್ಲು ಹಾಕುತ್ತಿದ್ದಾನೆ ಅಂತ ಊರವರೂ ಮುಖ ತಿರುಗಿಸಿದರು.

ಎಳ್ಳಮಾಸೆ ಬಂತು. ನಸುಕಿನಲ್ಲೇ ಗೊಯ್ದ ಬೀರಮ್ಮ ದೋಣಿ ತೆಗೆದುಕೊಂಡು ಹೋಗಿ, ಒಂದು ಸಣ್ಣ ಹೂಗಲ್ಲನ್ನು ಜೋಪಾನವಾಗಿ ಬಿಡಿಸಿ, ದೊಡ್ಡ ಹಂಡೆಯ ತುಂಬ ಕಡಲ ನೀರಿನಲ್ಲಿ ಮುಳುಗಿಸಿ ತಂದರು. ಊರೆಲ್ಲ ಕಡಲ ಸ್ನಾನ ಮುಗಿಸಿ ಗುಡಿಯ ಮುಂದೆ ಸೇರಿತ್ತು. ಹಂಡೆಯನ್ನು ಗುಡಿಯೊಳಗೆ ಇಟ್ಟು, ಮೇಲೆ ಕರಿ ಕಂಬಳಿ ಹೊದಿಸಿ, ಬಾಗಿಲು ಹಾಕಿ, ಎಲ್ಲರೂ ಸ್ವಲ್ಪ ಹೊತ್ತು ಕಾಯಬೇಕು ಅಂತ ಅವನು ಕೈಮುಗಿದ. ಕಾದರು. ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದು, ಕಂಬಳಿಯ ಅಂಚು ಎತ್ತಿ, ಒಂದೇ ಬತ್ತಿಯ ದೀಪದ ಮಂಕು ಬೆಳಕಲ್ಲಿ ತೋರಿಸಿದ. ಮಾಸ್ತಪ್ಪ ಬಗ್ಗಿದಾಗ ಗೊಯ್ದ ಜಜ್ಜಿದ ಶೆಟ್ಲಿಯ ಚೂರೊಂದನ್ನು ನೀರಿಗೆ ಉದುರಿಸಿದನಂತೆ. ಕಲ್ಲು ಕೈ ಚಾಚಿ ತೆಗೆದುಕೊಂಡಿತು. ಬಾಯಿಗಿಟ್ಟುಕೊಂಡಿತು.

"ಗುರಿಕಾರ್ರೇ, ಉಣ್ಣೂದನ್ನ ಸುಟ್ಟು ದೇವ್ರ ಗೋಡಿಗೆ ಬಳಿಬೌದಾ?" ಅಂತ ಗೊಯ್ದ ಕೇಳಿದ.

ಮಾಸ್ತಪ್ಪ ಕಂಬಳಿಯ ಅಂಚನ್ನು ತಾನೇ ಇಳಿಸಿದ. ಹೊರಗೆ ಬಂದು ಗುಡಿಯ ಮೆಟ್ಟಿಲಲ್ಲಿ ಕೂತ. ಬೀರಮ್ಮ ಸೊಂಟದಿಂದ ಹೂಗಲ್ಲಿನ ಸುಣ್ಣದ ಡಬ್ಬಿ ತೆಗೆದು, ಎಲ್ಲರ ಮುಂದೆ ಅದನ್ನು ಮಣ್ಣಿನಲ್ಲಿ ಹೂತಳಂತೆ. ಅವಳನ್ನು ನೋಡಿ ಒಬ್ಬೊಬ್ಬರಾಗಿ ಎಲ್ಲರೂ ಹೂತರು. ಮಾಸ್ತಪ್ಪನೂ ಹೂತ. ಇಪ್ಪತ್ತು ದೋಣಿಯ ಮಾತು ಅಲ್ಲಿಗೆ ಮುಗಿಯಿತು.

ಕಥೆ ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಹೊತ್ತೇರಿದ ಹಾಗೆ ಹಂಡೆಯ ನೀರು ಬೆಚ್ಚಗಾಗುತ್ತಿತ್ತು. ಕಲ್ಲು ಸಾಯುವ ಮೊದಲು ಅದರ ಜಾಗಕ್ಕೆ ಸೇರಿಸಬೇಕು ಅಂತ ಗೊಯ್ದ ಅವಸರ ಮಾಡಿದ. ಈ ಸಲ ಹುಟ್ಟು ಹಾಕಲು ಮಾಸ್ತಪ್ಪನೇ ಬಂದನಂತೆ. ಹೊತ್ತು ಇಳಿಯುವಾಗ ಹಂಡೆಗುಡ್ಡೆ ಮುಟ್ಟಿದರು. ಗೊಯ್ದ ಹಗ್ಗ ಕಟ್ಟಿಕೊಂಡು, ಕಲ್ಲನ್ನು ಎದೆಗವುಚಿಕೊಂಡು ಮುಳುಗಿದ. ಬೀರಮ್ಮ ಯಾವತ್ತಿನ ಹಾಗೆ ಕವಳ ಬಾಯಿಗಿಟ್ಟಳು. ಎಲೆ ಇತ್ತು, ಅಡಿಕೆ ಇತ್ತು. ಜಗಿದಳು. ಅಂಗೈಗೆ ಉಗುಳಿದಳು. ಹಸಿರು. ಮತ್ತೆ ಜಗಿದಳು, ಮತ್ತೆ ಉಗುಳಿದಳು. ಹಸಿರು.

ಮಾಸ್ತಪ್ಪನಿಗೆ ಯಾಕೋ ಅಳುಕಾಯಿತಂತೆ. "ಹೊತ್ತಾಯ್ತಲ್ಲ ಬೀರಮ್ಮಾ?"

"ಇನ್ನೂ ಕೆಂಪಾಗ್ಲಿಲ್ಲ" ಅಂದಳಂತೆ ಅವಳು.

ಸುಣ್ಣವಿಲ್ಲದ ಕವಳ ಕೆಂಪಾಗುತ್ತದಾ, ತಂಗಿ? ಹಾಲುಹಲ್ಲಿನ ಮಗುವಿಗೂ ಗೊತ್ತು. ಅವಳಿಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಆದರೆ ಎಷ್ಟು ವರ್ಷ ಕೈ ತಾನಾಗಿ ಮಾಡಿದ ಕೆಲಸ ಅದು. ಮನಸ್ಸೆಲ್ಲ ಆ ಕಲ್ಲಿನ ಮೇಲಿತ್ತು. ಅವಳದು ತಪ್ಪು ಅಂತ ಯಾರಾದರೂ ಅಂದರೆ ನಾನು ಸುಮ್ಮನಿರುವವಳಲ್ಲ. ಮಾಸ್ತಪ್ಪನ ಬಾಯಲ್ಲೂ ಅಂಥದ್ದೇ ಕವಳ ಇತ್ತು, ಅವನಿಗೂ ಹೊಳೆಯಲಿಲ್ಲ.

ಹೊಳೆದಾಗ ಅವಳು ಕೂಗಿದ ಕೂಗು ದಂಡೆಗೆ ಕೇಳಿಸಿತಂತೆ. ಇಬ್ಬರೂ ಸೇರಿ ಎಳೆದರು. ಹಗ್ಗ ಹಗುರವಾಗಿ ಬಂತು. ತುಂಡಾಗಿರಲಿಲ್ಲ. ತುದಿಯ ಗಂಟು ಬಿಚ್ಚಿತ್ತು.

ಸೊಂಟದ ಗಂಟು ಅವಸರದಲ್ಲಿ ಸಡಿಲವಾಗಿ ಕಟ್ಟಿದ್ದ ಅನ್ನುತ್ತಾರೆ ಕೆಲವರು. ಅವನೇ ಬಿಚ್ಚಿಕೊಂಡ, ಪೂರಾ ನೋಡಬೇಕು ಅಂತಿದ್ದನಲ್ಲ, ನೋಡುತ್ತಾ ಉಳಿದ ಅನ್ನುತ್ತಾರೆ ಕೆಲವರು. ಮಾರನೆಯ ದಿನ ಮುಳುಗಿದವರಿಗೆ ಆ ಕಲ್ಲು ಕಂಡಿತು. ಬಿಡಿಸಿದ್ದ ಜಾಗದಲ್ಲೇ, ಅಲುಗದ ಹಾಗೆ ಸುತ್ತ ಚಿಪ್ಪು ಸಿಕ್ಕಿಸಿ ಕೂರಿಸಿತ್ತು. ಗೊಯ್ದ ಕಾಣಲಿಲ್ಲ.

ಬೀರಮ್ಮ ಬಹಳ ಕಾಲ ಬದುಕಿದಳು. ಭಟ್ಟಿ ಕೆಡವಲಿಲ್ಲ. ಸತ್ತ ಚಿಪ್ಪು ಆರಿಸಿ ತಂದು ಮೊದಲಿನ ಹಾಗೆ ಸುಟ್ಟಳು. ವರ್ಷ ಹೋದ ಹಾಗೆ ಹಂಡೆಗುಡ್ಡೆಗೆ ಒಂದೊಂದೇ ಮೀನು ತಿರುಗಿ ಬಂದವಂತೆ. ಒಡೆದ ಜಾಗಕ್ಕೆ ಮೊದಲು ಬಂದದ್ದು ಆ ಕಾವಲು ಮೀನು ಮತ್ತು ಶೆಟ್ಲಿ ಅನ್ನುತ್ತಾರೆ. ಅದಕ್ಕೆ ಸಾಕ್ಷಿ ಯಾರು ಅಂತ ನನ್ನನ್ನು ಕೇಳಬೇಡಿ.

ನಮ್ಮ ಜಟ್ಟಿಗನ ಗುಡಿಗೆ ಇವತ್ತಿಗೂ ಕೆಮ್ಮಣ್ಣೇ, ಸುಣ್ಣವಿಲ್ಲ. ಹಂಡೆಗುಡ್ಡೆಯ ಬಳಿ ಹೂಗಲ್ಲು ಮುರಿದೀತು ಅಂತ ನಮ್ಮೂರವರು ಯಾರೂ ಲಂಗರು ಇಳಿಸುವುದಿಲ್ಲ, ಒಬ್ಬ ಹುಟ್ಟು ಹಾಕುತ್ತಾ ದೋಣಿಯನ್ನು ನಿಲ್ಲಿಸಿಕೊಂಡಿರುತ್ತಾನೆ. ಮತ್ತೆ ಎಳ್ಳಮಾಸೆಯ ಇಳಿಹೊತ್ತಿಗೆ ಊರವರೆಲ್ಲ ದಂಡೆಗೆ ಹೋಗಿ, ಸುಣ್ಣವಿಲ್ಲದ ಕವಳ ಹಾಕುತ್ತೇವೆ. ರುಚಿ ಇರುವುದಿಲ್ಲ, ಒಗರು. ಮುಖ ಕಿವುಚಿಕೊಂಡು ಜಗಿದು, ಅಂಗೈಗೆ ಉಗುಳಿ, ಗುಡ್ಡೆಯ ಕಡೆ ಒಂದು ಸಲ ನೋಡಿ, ಪಕ್ಕದವರಿಗೆ ತೋರಿಸಬೇಕು.

ಏಳು ತಂಗಿ, ಹೊತ್ತಾಯಿತು. ಈ ಎಲೆ ತಗೋ. ಅಲ್ಲಿ ಯಾರಾದರೂ ಗೊಯ್ದ ಎಲ್ಲಿ ಅಂತ ಕೇಳಿದರೆ ಸತ್ತ ಅನ್ನಬಾರದು. ನಿನ್ನ ಅಂಗೈ ನೋಡಿಕೊಂಡು ಹೇಳು, ಇನ್ನೂ ಕೆಂಪಾಗಲಿಲ್ಲ ಅಂತ.