ಹಳ್ಳದಲ್ಲಿ ಕೂತ ಯುವರಾಜ

ಸಿಂಹರಾಜನ ಮಗ ಕತ್ತೆಕಿರುಬಗಳ ಜೊತೆ ಕಾದಾಡಲು ಸೀಳುನಾಯಿಗಳ ಹಿಂಡಿನೊಡನೆ ಹಳ್ಳದಲ್ಲಿ ಅಡಗಿ ಕೂತಿದ್ದ. ಯುವರಾಜನ ಮಗ್ಗುಲಲ್ಲೇ ಜಾಗ ಸಿಕ್ಕಿದ್ದಕ್ಕೆ ಸೀಳುನಾಯಿ ಕೆಂಚನ ಎದೆ ಗೇಣುದ್ದ ಉಬ್ಬಿತ್ತು. ಅಷ್ಟರಲ್ಲಿ ಕಾಡಿನ ಸುದ್ದಿಗಾರ ಟಿಟ್ಟಿಭ ಹಕ್ಕಿ ತಲೆಯ ಮೇಲೆ ಸುತ್ತತೊಡಗಿತು.

“ಕೂಗಬೇಡ ಮಾರಾಯ, ಕತ್ತೆಕಿರುಬಗಳಿಗೆ ನಮ್ಮ ಜಾಗ ಗೊತ್ತಾಗುತ್ತೆ,” ಎಂದ ಕೆಂಚ.

“ಯುವರಾಜ ಹಳ್ಳದಲ್ಲಿ ಕೂತರೆ ಕಾಡೇ ಕಿವಿಗೊಡುತ್ತೆ. ನೀನು ಕೂತರೆ ಯಾವನು ಕೇಳ್ತಾನೆ?” ಎಂದು ಹಕ್ಕಿ ಸುದ್ದಿಯನ್ನು ಕೂಗಿಯೇಬಿಟ್ಟಿತು.

ಕೂಗು ಕೇಳಿದ್ದೇ ತಡ, ಸಿಂಹಿಣಿಯರು ಓಡಿಬಂದು ಯುವರಾಜನನ್ನು ಗುಹೆಗೆ ಕರೆದೊಯ್ದರು. ಹಿಂಡಿಗೆ ಮಾತ್ರ ಜಾಗ ಬಿಡುವ ಅಪ್ಪಣೆಯಿರಲಿಲ್ಲ. ಸುತ್ತಲಿನ ಪೊದೆಗಳಲ್ಲಿ ಕತ್ತೆಕಿರುಬಗಳು ಒಂದೊಂದಾಗಿ ನಗತೊಡಗಿದವು. ಕೆಂಚ ತಲೆಯೆತ್ತಿ ನೋಡಿದ. ಹಕ್ಕಿ ಗುಹೆಯ ಕಡೆಗೆ ಹಾರುತ್ತ, “ಯುವರಾಜ ಕ್ಷೇಮ, ಹಳ್ಳದಲ್ಲೀಗ ಯಾರೂ ಇಲ್ಲ,” ಎಂದು ಕಾಡಿಗೆಲ್ಲ ಸಾರುತ್ತಿತ್ತು.